ರೂಟ್ ಹೆಸರಿಗೆ ಬಂದ ಕಾಗದಗಳು

ನನ್ನ ಗಂಡ ಚಲಪತಿ ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿ ಇಪ್ಪತ್ಮೂರು ಜನರನ್ನು ಕೊಂದ ಎಂದು ನಮ್ಮ ಗಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರು ಒಂದು ದಿನವಾದರೂ ಅವರ ಜೊತೆ ಸಂಸಾರ ಮಾಡಿದ್ದರೆ ಆ ಮಾತು ಆಡುತ್ತಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಎದ್ದು ಕೂರುವ ಮನುಷ್ಯ ಅವರು. ಮದುವೆಯಾದ ಹೊಸದರಲ್ಲಿ ನನಗೆ ಅದೇ ದೊಡ್ಡ ತಲೆನೋವಾಗಿತ್ತು.

ನಾವು ಇರುವುದು ಬೊಮ್ಮಗಾನಹಳ್ಳಿಯ ಹಳೇ ಚಿನ್ನದ ಗಣಿಯಲ್ಲಿ, ನೆಲದಿಂದ ಮುನ್ನೂರು ಅಡಿ ಕೆಳಗೆ. ಮೇಲೆ ಬೇಸಿಗೆಯ ಬಿಸಿಲು ಐವತ್ತೆರಡು ಡಿಗ್ರಿ ದಾಟಿದ ವರ್ಷ ನಾನೂರು ಸಂಸಾರಗಳು ಪಾತ್ರೆ ಪಗಡ ಕಟ್ಟಿಕೊಂಡು ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದೆವು. ಮುನ್ನೂರು ಅಡಿಯಲ್ಲಿ ಬಂಡೆ ತಣ್ಣಗಿದೆ. ಇನ್ನೂ ಕೆಳಕ್ಕೆ ಹೋದರೆ ಭೂಮಿಯದೇ ಕಾವು ಏರುತ್ತದೆ. ಮೇಲಿನ ಬೆಂಕಿಗೂ ಕೆಳಗಿನ ಬೆಂಕಿಗೂ ನಡುವೆ ಸಿಕ್ಕ ಇಷ್ಟಗಲ ಜಾಗದಲ್ಲಿ ಬಂಡೆ ಕೊರೆದ ಸುರಂಗದ ನಾಲ್ಕು ಗ್ಯಾಲರಿ, ಒಂದು ಶಾಲೆ, ಒಂದು ಫ್ಯಾನ್ ರೂಮು. ಚಳಿಗಾಲದ ಮೂರು ತಿಂಗಳು ಹಗಲು ಹೊತ್ತು ಮೇಲೆ ಹೋಗಿ ರಾಗಿ, ಸೊಪ್ಪು ಬೆಳೆದುಕೊಳ್ಳುತ್ತೇವೆ. ಉಳಿದ ಒಂಬತ್ತು ತಿಂಗಳು ಫ್ಯಾನ್ ಕೊಟ್ಟಷ್ಟು ಗಾಳಿಯಲ್ಲಿ ಬದುಕುತ್ತೇವೆ.

ಆ ಫ್ಯಾನುಗಳನ್ನು ನೋಡಿಕೊಳ್ಳುವುದು ಒಂದು ಹಳೇ ಕಂಪ್ಯೂಟರು. ಪ್ರತಿ ಗ್ಯಾಲರಿಯ ಕೊನೆಯಲ್ಲಿ ಕೈಗೆಟಕುವ ತಗ್ಗು ಚಾವಣಿಗೆ ಒಂದು ಸಣ್ಣ ಡಬ್ಬಿ ಇದೆ. ಅದರ ಮುಂದೆ ಜಾಲರಿ, ಪಕ್ಕದಲ್ಲಿ ಕೆಂಪು ದೀಪ. ಗಾಳಿ ಕೆಟ್ಟಿದೆಯೋ ಒಳ್ಳೆಯದಿದೆಯೋ ಅದು ಅಳೆದು ಹೇಳುತ್ತದೆ. ನಾವು ಅದಕ್ಕೆ ‘ಕಣ್ಣು’ ಅನ್ನುತ್ತೇವೆ. ಗಾಳಿ ಕೆಟ್ಟಿತು ಎಂದು ಕಣ್ಣು ಹೇಳಿದರೆ ಆ ಗ್ಯಾಲರಿಯ ಫ್ಯಾನು ಜೋರಾಗುತ್ತದೆ, ಫ್ಯಾನ್ ರೂಮಿನಲ್ಲಿ ಗಂಟೆ ಹೊಡೆಯುತ್ತದೆ. ಆ ಗಂಟೆಗೆ ಕಾಯುತ್ತಾ ಅಲ್ಲಿ ಕೂರುತ್ತಿದ್ದವರು ನನ್ನ ಯಜಮಾನರು.

ಹೋದ ವರ್ಷ ಮೇ ಹದಿನಾಲ್ಕರ ಮಧ್ಯಾಹ್ನ ಗಂಟೆ ಹೊಡೆಯಲಿಲ್ಲ. ಮೇಲೆ ಮೋಡ ಕವಿದು ಗಾಳಿಯ ಒತ್ತಡ ಇಳಿದಿತ್ತು. ಅಂಥ ದಿನ ಹಳೇ ಸುರಂಗಗಳ ಕೆಟ್ಟ ಗಾಳಿ ಬಂಡೆಯ ಬಿರುಕಿನಿಂದ ಹೊರಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಪೂರ್ವ ಗ್ಯಾಲರಿಯವರು ಊಟ ಮಾಡಿ ಮಲಗಿದ್ದರು. ಕೊನೆಯ ಆರು ಮನೆಗಳಲ್ಲಿ ಯಾರೂ ಏಳಲಿಲ್ಲ. ನನಗೆ ತಂಗಿಯಂತಿದ್ದ ಅಮರಾವತಿಯ ಗಂಡ, ಒಂಬತ್ತು ವರ್ಷದ ಮಗಳು ಇಂಚರ ಇಬ್ಬರೂ ಹೋದರು. ಅಮರಾವತಿ ಆ ಹೊತ್ತಿಗೆ ನೀರು ಹಿಡಿಯಲು ಕೇಜಿನ ಹತ್ತಿರ ಬಂದಿದ್ದಳು, ಉಳಿದಳು. ಉಳಿದೆ ಎಂದು ಅವಳು ಯಾವತ್ತೂ ಹೇಳುವುದಿಲ್ಲ.

ಮೊದಲು ಒಳಗೆ ಓಡಿದವರು ನನ್ನ ಯಜಮಾನರು. ಮಾರನೆಯ ದಿನ ಸಮಿತಿಯವರು ಹೋಗಿ ಕಣ್ಣನ್ನು ಪರೀಕ್ಷಿಸಿದರು. ಜಾಲರಿ ಲಕಲಕ ಅನ್ನುತ್ತಿತ್ತು, ಅಳತೆ ಸರಿಯಾಗಿತ್ತು. ಕಣ್ಣು ಸರಿಯಿದ್ದರೆ ಗಂಟೆ ಹೊಡೆದಿರಲೇಬೇಕು, ಹೊಡೆದರೂ ಕೇಳಿಸಲಿಲ್ಲವೆಂದರೆ ಕಾಯುವವನು ಮಲಗಿದ್ದ. ಲೆಕ್ಕ ಅಷ್ಟು ಸುಲಭವಾಗಿ ಮುಗಿಯಿತು. ಯಜಮಾನರು ಒಂದು ಮಾತೂ ಎದುರಾಡಲಿಲ್ಲ. ಅದಕ್ಕೇ ನನಗೂ ಒಂದು ಗಳಿಗೆ ಅನುಮಾನ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆ ದಿನ ಅವರ ಟವೆಲ್ ಒಗೆಯುತ್ತಿದ್ದೆ. ಸೋಪು ತಾಗಿದ ಕಡೆ ಕೆಂಪು ಕೆಂಪಾಯಿತು. ಹೆಣ ಹೊತ್ತಿದ್ದಾರಲ್ಲ, ರಕ್ತ ಇರಬೇಕು ಎಂದುಕೊಂಡು, “ಇದನ್ನ ನೆನೆ ಹಾಕೋಕಾದ್ರೂ ಆಗ್ಲಿಲ್ವಾ ನಿಮ್ಗೆ?” ಎಂದು ರೇಗಿದೆ. ಅವರು ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು.

ಹನ್ನೆರಡನೆಯ ದಿನ ನಡು ಮಧ್ಯಾಹ್ನ ಅವರು ಏಣಿ ಹತ್ತಿ ಮೇಲಕ್ಕೆ ಹೋದರು. ಮೇ ತಿಂಗಳ ಆ ಹೊತ್ತಿನಲ್ಲಿ ಮೇಲೆ ಹೋದವರು ಹಿಂದಕ್ಕೆ ಬರುವುದಿಲ್ಲ ಎಂದು ಮಕ್ಕಳಿಗೂ ಗೊತ್ತು.

ನಮ್ಮಲ್ಲಿ ಸತ್ತವರನ್ನು ಹೂಳಲು ಮಣ್ಣಿಲ್ಲ. ಕೇಜ್ ನಿಲ್ಲುವ ಜಾಗದ ಬಂಡೆಯಲ್ಲಿ ಹೆಸರು ಕೆತ್ತುತ್ತೇವೆ, ಅದರ ಕೆಳಗೆ ದೀಪ ಇಡುತ್ತೇವೆ. ಇಪ್ಪತ್ಮೂರು ಹೆಸರು ಕೆತ್ತಿದರು. ನನ್ನ ಗಂಡನದನ್ನು ಕೆತ್ತಲಿಲ್ಲ. “ವರ್ಷದ ದಿನ ಬರ್ಲಿ, ಆಮೇಲೆ ನೋಡನ ಕಣಮ್ಮ,” ಎಂದರು ಸಮಿತಿಯ ಅಶ್ವತ್ಥಪ್ಪ. ನೋಡೋಣ ಅಂದರೆ ಇಲ್ಲ ಎಂದರ್ಥ. ಫ್ಯಾನ್ ರೂಮಿನ ಕೆಲಸಕ್ಕೂ ಯಾರೂ ಬರಲಿಲ್ಲ, ಹೆದರಿದರು. ನಾನೇ ಬರುತ್ತೇನೆ ಎಂದೆ. ಬೇಡ ಎನ್ನಲು ಅವರಿಗೆ ಬೇರೆ ದಾರಿಯಿರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಪರದೆಯ ಮೇಲೆ ಒಂದು ಸಾಲು ಕಾಣಿಸಿಕೊಂಡಿತು. ಅಂಚೆಯ ಜಾಗ ನೂರಕ್ಕೆ ತೊಂಬತ್ತೊಂದು ಭಾಗ ತುಂಬಿದೆ, ಎಂದು. ಆ ಕಂಪ್ಯೂಟರಿನಲ್ಲಿ ಚಿತ್ರಗಿತ್ರ ಏನೂ ಇಲ್ಲ. ಕಪ್ಪು ಪರದೆ, ಹಸಿರು ಇಂಗ್ಲಿಷ್ ಅಕ್ಷರ, ಅಷ್ಟೆ. ಅಂಚೆ ಅಂದರೆ ಇ-ಮೇಲು, ಆ ಕಾಗದ ಓದುವ ಪ್ರೋಗ್ರಾಮೂ ಅಕ್ಷರದ್ದೇ. ಅದನ್ನು ತೆರೆದೆ. ‘ಕಾಗದಗಳು: ಸೊನ್ನೆ’ ಎಂದಿತು. ಖಾಲಿ ಡಬ್ಬ ತೊಂಬತ್ತೊಂದು ಭಾಗ ತುಂಬುವುದು ಹೇಗೆ?

ಯಜಮಾನರ ನೋಟ್ ಪುಸ್ತಕ ಮೇಜಿನಲ್ಲೇ ಇತ್ತು. ತೆಗೆದು ನೋಡಿದರೆ ಪುಟಗಟ್ಟಲೆ ಇದೇ ಗೋಳು. ‘ಹೀಗೆ ಬದಲಾಯಿಸಿದೆ. ಸೊನ್ನೆ.’ ‘ಹಾಗೆ ಬದಲಾಯಿಸಿದೆ. ಪ್ರೋಗ್ರಾಮೇ ತೆರೆಯಲಿಲ್ಲ.’ ‘ಮತ್ತೆ ಸೊನ್ನೆ.’ ಹೋದ ವರ್ಷ ಏಪ್ರಿಲಿನ ಒಂದು ಪುಟದಲ್ಲಿ, ‘ಇವತ್ತೂ ಸೊನ್ನೆ. ಕಾಗದ ಇಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ್ಲೇ ಲೆಕ್ಕ.’

ನನ್ನಿಂದ ಒಬ್ಬಳಿಂದ ಆಗುವ ಕೆಲಸವಲ್ಲ ಎಂದು ಬೆಂಜಮಿನ್ ಮೇಷ್ಟ್ರ ಹತ್ತಿರ ಹೋದೆ. ಎಪ್ಪತ್ತೆಂಟು ವರ್ಷ, ಐಟಿಐಯಲ್ಲಿ ಕಂಪ್ಯೂಟರು ಕಲಿಸುತ್ತಿದ್ದವರು. ಎರಡು ಕಣ್ಣಿಗೂ ಪೊರೆ ಬಂದು ಈಗ ಬೆಳಕು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ಕೈ ಹಿಡಿದು ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ.

“ಓದಮ್ಮ, ಸೆಟ್ಟಿಂಗ್ಸ್ ಎಲ್ಲಾ ಓದು. ಒಂದು ಚುಕ್ಕೇನೂ ಬಿಡಬ್ಯಾಡ. ಒಂದು ಚುಕ್ಕೆ ಆಚೆ ಈಚೆ ಆದ್ರೂ ಮುಖ ತಿರುಗಿಸ್ಕೊಂಡು ಹೋಗ್ತದೆ ಅದು, ನಮ್ಮತ್ತೆ ಇದ್ದಂಗೆ.”

ನಾನು ಅಕ್ಷರ ಅಕ್ಷರವಾಗಿ ಓದಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ದಿನಕ್ಕೆ ಎರಡು ಗಂಟೆ, ಹೀಗೆ ಐದು ವಾರ. ಅವರು ಹೇಳಿದಂತೆ ಒತ್ತಿದರೆ ಒಮ್ಮೆ ಪ್ರೋಗ್ರಾಮು ಬಾಯಿಯೇ ಬಿಡುತ್ತಿರಲಿಲ್ಲ, ಇನ್ನೊಮ್ಮೆ ನೂರು ಸಾಲು ಬೈದು ಮುಚ್ಚಿಕೊಳ್ಳುತ್ತಿತ್ತು. ಬಾಕಿ ದಿನಗಳಲ್ಲಿ ಅದೇ ಸೊನ್ನೆ.

ಮನೆಗೆ ಬಂದರೆ ನಲ್ಲಿಯ ಹತ್ತಿರ ಕ್ಯೂ. ನಾನು ಕೊಡ ಇಟ್ಟ ಕೂಡಲೇ ಅಮರಾವತಿ ತನ್ನ ಕೊಡ ಎತ್ತಿಕೊಂಡು ಹೋಗುತ್ತಾಳೆ, ತುಂಬಿರಲಿ ಬಿಡಲಿ. ಮೊದಲು ‘ಅಕ್ಕಾ, ಅಕ್ಕಾ’ ಎಂದು ಸಾರಿಗೆ ಒಗ್ಗರಣೆ ಹಾಕುವುದಕ್ಕೂ ನನ್ನನ್ನು ಕೇಳುತ್ತಿದ್ದವಳು. ಅವಳ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅವಳಿಗೆ ನನ್ನ ಗಂಡ ಮಲಗಿರಲಿಲ್ಲ ಎಂದು ತೋರಿಸಬೇಕು, ಬಂಡೆಯ ಮೇಲೆ ಅವರ ಹೆಸರು ಬರಬೇಕು, ನನಗೆ ಬೇರೇನೂ ಬೇಕಾಗಿರಲಿಲ್ಲ.

ಆರನೆಯ ವಾರ ಮೇಷ್ಟ್ರು ತೊಡೆ ತಟ್ಟಿಕೊಂಡರು. ನನ್ನ ಹೆಸರು ಮುನಿಲಕ್ಷ್ಮಿ, ಅವರು ಕರೆಯುವುದು ಲಕ್ಷ್ಮಮ್ಮ ಎಂದು.

“ಲಕ್ಷ್ಮಮ್ಮಾ, ನಾವಿಬ್ರೂ ದಡ್ಡರು! ಇದನ್ನ ಕೂರ್ಸಿದ ಕಂಪನಿಯೋರು ಏನ್ ಮಾಡವ್ರೆ ಅಂದ್ರೆ, ಕಾಗದ ಎಲ್ಲಾ ಹೊರಗಡೆ ಅವರ ದೊಡ್ಡ ಕಂಪ್ಯೂಟರಿಂದ ತಗೊಂಡ್ ಬಾ ಅಂತ ಬರೆದವ್ರೆ. ಹೊರಗಿನ ಲೈನು ಹೋಗಿ ಒಂಬತ್ತು ವರ್ಷ ಆಯ್ತು. ನಿಮ್ಮೆಜಮಾನ್ರು ಅದನ್ನ ಸರಿಯಾಗೇ ಕಿತ್ತಾಕವ್ರೆ, ಒಳಗಡೆ ನೋಡು ಅಂತ ಹೇಳವ್ರೆ. ಆದ್ರೆ ಒಳಗಡೆ ಎಲ್ಲಿ? ತಮ್ಮ ಹೆಸರಿನ ಪೆಟ್ಟಿಗೇಲಿ. ಅದು ಖಾಲಿ.”

“ಮತ್ತೆ ಕಾಗದ ಎಲ್ಲೈತೆ ಮೇಷ್ಟ್ರೇ?”

“ಯಂತ್ರ ತನಗೆ ತಾನೇ ಬರ್ಕೊಳೋ ಕಾಗದ ಐತಲ್ಲ, ಅದು ಊರು ಬಿಟ್ಟು ಹೋಗಲ್ಲ. ಒಳಗೇ ಒಂದು ಅಂಚೆ ಗೂಡು ಇರ್ತದೆ, ಅಲ್ಲಿ ಬೀಳ್ತದೆ. ಪೋಸ್ಟಾಫೀಸಿನ ಗೂಡಲ್ಲಿ ಕಾಗದ ಇಟ್ಕೊಂಡು ನಾವು ಮನೆ ಗೋಡೆ ಮೇಲಿನ ಡಬ್ಬ ನೋಡ್ತಾ ಕುಂತಿದೀವಿ. ಅದೂ ಅಲ್ದೆ ಯಾರ ಹೆಸರಿಗೆ ಬರೆದ್ರೂ ‘ರೂಟ್’ ಅನ್ನೋನ ಗೂಡಿಗೇ ಹಾಕು ಅಂತ ಕಂಪನಿಯೋರು ಕಟ್ಟು ಮಾಡವ್ರೆ.”

“ರೂಟ್ ಅಂದ್ರೆ ಯಾರು?”

“ಯಾರೂ ಅಲ್ಲಮ್ಮ. ಯಂತ್ರಕ್ಕೆ ಯಜಮಾನ ಅಂತ ಒಂದು ಹೆಸರು, ಅಷ್ಟೇಯ.”

ಆ ಯಾರೂ ಅಲ್ಲದವನ ಗುಪ್ತಪದ ಪ್ಯಾನೆಲ್ಲಿನ ಬಾಗಿಲ ಒಳಮೈಯಲ್ಲಿ ಅಂಟಿಸಿದ ಚೀಟಿಯಲ್ಲಿ ಹನ್ನೊಂದು ವರ್ಷದಿಂದ ಇತ್ತು. ಒತ್ತಿದೆ. ಗೂಡಿನ ದಾರಿ ಬರೆದೆ, ಚುಕ್ಕೆ, ಗೀಟು ಎಲ್ಲ ಎರಡೆರಡು ಸಲ ಓದಿ ಹೇಳಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಆಮೇಲೆ ಮೇಲಿನಿಂದ ಕೆಳಗಿನವರೆಗೆ ಹಸಿರು ಸಾಲು ತುಂಬಿಕೊಂಡಿತು.

ಕಾಗದಗಳು: ಹನ್ನೊಂದು ಸಾವಿರದ ನಾನೂರ ಆರು. ಒಂದೊಂದರ ಮುಂದೆಯೂ ‘ಹೊಸತು’ ಎಂಬ ಗುರುತು. ಒಂದನ್ನೂ ಯಾರೂ ತೆರೆದಿರಲಿಲ್ಲ.

ಮೊದಲ ಕೆಲವನ್ನು ಓದಿದೆ. ಫ್ಯಾನು ಓಡಿತು, ವಿದ್ಯುತ್ತು ಇಷ್ಟು, ಎಲ್ಲ ಸರಿಯಿದೆ. ‘ಪೂರ್ವ’ ಎಂದು ಹುಡುಕು ಎಂದರು ಮೇಷ್ಟ್ರು. ಹುಡುಕಿದೆ. ಸಾವಿಗೆ ಮುಂಚಿನ ಅಕ್ಟೋಬರಿನಿಂದ ಹಿಡಿದು ಮೇ ಹದಿನಾಲ್ಕರವರೆಗೆ ದಿನಕ್ಕೊಂದು ಕಾಗದ, ಒಂದೇ ಒಕ್ಕಣೆ. ‘ಪೂರ್ವದ ಕಣ್ಣಿನ ಅಳತೆ ಇಪ್ಪತ್ನಾಲ್ಕು ಗಂಟೆಯಿಂದ ಬದಲಾಗಿಲ್ಲ. ಕಣ್ಣು ಮುಚ್ಚಿರಬಹುದು. ದಯವಿಟ್ಟು ಹೋಗಿ ನೋಡಿ.’

ಇನ್ನೂರಕ್ಕೂ ಹೆಚ್ಚು ಸಲ ದಯವಿಟ್ಟು ಎಂದಿತ್ತು ಆ ಯಂತ್ರ.

“ನೋಡ್ದಾ!” ಮೇಷ್ಟ್ರು ಮೇಜು ಕುಟ್ಟಿದರು. “ಕಣ್ಣೇ ಕೆಟ್ಟಿತ್ತು. ಗಂಟೆ ಹೊಡೀಲೇ ಇಲ್ಲ. ನಿನ್ ಗಂಡ ಎದ್ದೇ ಕುಂತಿದ್ರಮ್ಮ.”

ನಾನು ಗೊಳೋ ಎಂದು ಅತ್ತೆ. ವರ್ಷದಿಂದ ಕಟ್ಟಿಕೊಂಡಿದ್ದ ಅಳು ಅದು. ಅಳುತ್ತಲೇ, ಈ ಕಾಗದಗಳು ಶುರುವಾದದ್ದು ಯಾವತ್ತು ಎಂದು ತಾರೀಖು ನೋಡಿದೆ. ಆಯುಧಪೂಜೆಯ ಮಾರನೆಯ ದಿನ.

ನಮ್ಮಲ್ಲಿ ಆಯುಧಪೂಜೆಗೆ ಫ್ಯಾನು, ಮೋಟಾರು, ಕೇಜು ಎಲ್ಲಕ್ಕೂ ಪೂಜೆ. ಕಣ್ಣುಗಳಿಗೂ ಒಂದೊಂದು ಕುಂಕುಮದ ಬೊಟ್ಟು. ಫ್ಯಾನ್ ರೂಮಿನವನ ಹೆಂಡತಿಯೆಂದು ಮೊದಲ ಪೂಜೆ ನನ್ನದೇ. ಆ ವರ್ಷ ನಾವು ಕೆಳಗೆ ಇಳಿದು ಹತ್ತು ತುಂಬಿತ್ತು. ಬೊಟ್ಟು ಸಾಲದು ಎಂದು ನನಗೆ ಹುಮ್ಮಸ್ಸು. ನಮ್ಮ ತಾಯಿ ಗಂಗಮ್ಮ ದೇವಿಯ ಪೂಜೆಗೆ ಅರಿಶಿನ ಕಲಸಿ ಮುಖ ಮಾಡುತ್ತಿದ್ದಳು, ಹಾಗೆ ಮಾಡೋಣ ಎಂದು ಒಂದು ಸೇರು ಅರಿಶಿನ ಗಟ್ಟಿಯಾಗಿ ಕಲಸಿ ಪೂರ್ವದ ಕಣ್ಣಿನ ಜಾಲರಿಯ ಮೇಲೆ ಮೆತ್ತಿ ಆ ಅಮ್ಮನ ಮುಖ ತಿದ್ದಿದೆ. ಮೂಗು, ಬಾಯಿ, ಕಾಡಿಗೆಯ ಎರಡು ಕಣ್ಣು. ಪುಟ್ಟ ಇಂಚರ ನನ್ನ ಕಾಲ ಬಳಿ ನಿಂತು, “ದೊಡ್ಡಮ್ಮಾ, ನಗ್ತಾವ್ಳೆ ನೋಡು,” ಎಂದಿದ್ದಳು. ಇಡೀ ಗ್ಯಾಲರಿ ಆರತಿ ತೆಗೆದುಕೊಂಡಿತು. ಯಜಮಾನರು ಫ್ಯಾನ್ ರೂಮು ಬಿಟ್ಟು ಬರಲಿಲ್ಲ, ಕಡಲೆಪುರಿ ಕಳಿಸಿಕೊಟ್ಟೆ. ಆ ಮುಖ ಇರಲಿ, ಕಾಪಾಡುತ್ತೆ ಎಂದು ಯಾರೂ ತೆಗೆಯಲಿಲ್ಲ. ಚಳಿಗಾಲದಲ್ಲಿ ಜನ ಮೇಲೆ ಓಡಾಡುವಾಗ ಅದರಿಂದ ಏನೂ ಆಗಲಿಲ್ಲ. ಬೇಸಿಗೆಗೆ ಗಣಿಯ ಬಾಗಿಲು ಮುಚ್ಚಿದೆವು.

ಸಾವಿನ ನಂತರ ಪೂರ್ವ ಗ್ಯಾಲರಿಗೆ ನನ್ನನ್ನು ಯಾರೂ ಸೇರಿಸಿರಲಿಲ್ಲ. ಆ ಮುಖ ನನ್ನ ನೆನಪಿಗೇ ಬಂದಿರಲಿಲ್ಲ.

“ಇನ್ನೇನಾದ್ರೂ ಐತಾ ಲಕ್ಷ್ಮಮ್ಮಾ?” ಎಂದು ಮೇಷ್ಟ್ರು ಕೇಳಿದರು.

ಇತ್ತು. ಆ ಸಾಲುಗಳ ನಡುನಡುವೆ ಬೇರೆ ಹೆಸರಿನಿಂದ ಬಂದ ಹದಿನಾಲ್ಕು ಕಾಗದ. ಕಳಿಸಿದವರು: ಚಲಪತಿ. ಅವರು ಸೆಟ್ಟಿಂಗ್ಸ್ ತಿದ್ದಿದಾಗಲೆಲ್ಲ ತಮಗೆ ತಾವೇ ಒಂದು ಕಾಗದ ಹಾಕಿ ನೋಡಿಕೊಂಡಿದ್ದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದರು. ಮೊದಲನೆಯದರಲ್ಲಿ ‘ಬಂತಾ?’ ಎರಡನೆಯದರಲ್ಲಿ ‘ಈಗ ಬಂತಾ?’ ಐದನೆಯದರಲ್ಲಿ ‘ಲೋ ಪುಣ್ಯಾತ್ಮ, ಈಗಲಾದ್ರೂ ಬಂತಾ?’ ಓದಿ ನನಗೆ ಅಳುವಿನಲ್ಲೂ ನಗು ಬಂತು. ಹದಿನಾಲ್ಕನೆಯದರ ತಾರೀಖು ಅವರು ಏಣಿ ಹತ್ತಿದ ದಿನದ್ದು. ಅದನ್ನು ನಾನು ಗಟ್ಟಿಯಾಗಿ ಓದಲಿಲ್ಲ.

‘ಮುನಿಲಕ್ಷ್ಮೀ, ಈ ಕಾಗದ ಎಲ್ಲಿಗೂ ಹೋಗಲ್ಲ ಅಂತ ಗೊತ್ತು. ಅದಕ್ಕೇ ಬರೀತಾ ಇದೀನಿ. ಅವತ್ತು ಒಳಗೆ ಹೋದಾಗ ಕಣ್ಣಿನ ಮೇಲೆ ಅರಿಶಿನದ ಮುಖ ಇತ್ತು. ಕಲ್ಲಿನ ಹಂಗೆ ಒಣಗಿತ್ತು. ಯಾರೂ ನೋಡೋಕೆ ಮುಂಚೆ ಟವೆಲ್ ಒದ್ದೆ ಮಾಡಿ ಒರೆಸಿಬಿಟ್ಟೆ. ನಿನ್ನ ಕೈಯಲ್ಲಿ ಮಾಡಿದ್ದು ಅಂತ ನಂಗೆ ಗೊತ್ತು, ಆ ಮೂಗು ನಿಮ್ಮಮ್ಮನ ಮೂಗು. ನಿನ್ನ ತಪ್ಪಲ್ಲ. ಹೋಗಿ ನೋಡಬೇಕಾಗಿದ್ದು ನಾನು. ಸೊನ್ನೆ ನೋಡ್ಕೊಂಡು ನಂಬ್ಕೊಂಡು ಕೂತೆ. ನಂಗೆ ಆ ಮಕ್ಕಳ ಮುಖ ಕಣ್ಣಿಂದ ಹೋಗ್ತಾ ಇಲ್ಲ. ನಿಂಗೆ ಇದು ಗೊತ್ತಾಗೋದು ಬೇಡ. ಮೊಣಕಾಲಿಗೆ ಎಣ್ಣೆ ಹಚ್ಕೋ. ಬಂತಾ?’

ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಗೊತ್ತಿಲ್ಲದ ಹೆಂಗಸು ಯಾರಿದ್ದಾಳೆ? ನನ್ನ ಕೈಯಲ್ಲೇ ಕೆಂಪಾಗಿತ್ತು ಆ ಟವೆಲ್. ಅದಕ್ಕೆ ನಾನು ಅವರನ್ನು ಬೈದಿದ್ದೆ.

“ಏನೂ ಇಲ್ಲ ಮೇಷ್ಟ್ರೇ,” ಎಂದೆ.

ವರ್ಷದ ದಿನಕ್ಕೆ ಮೂರು ದಿನ ಬಾಕಿಯಿತ್ತು. ಆ ಮೂರು ದಿನ ನಾನು ಏನು ಲೆಕ್ಕ ಹಾಕಿದೆ ಎಂದು ಹೇಳಿಬಿಡುತ್ತೇನೆ. ಯಂತ್ರದ ಕಾಗದಗಳನ್ನು ಮಾತ್ರ ಓದುವುದು, ಹದಿನಾಲ್ಕನ್ನು ಅಳಿಸಿಬಿಡುವುದು. ಕಣ್ಣು ಯಾಕೆ ಮುಚ್ಚಿತು ಎಂದು ಕೇಳಿದರೆ ಗೊತ್ತಿಲ್ಲ ಎನ್ನುವುದು. ಅವರ ಹೆಸರು ಬಂಡೆಗೆ ಬರುತ್ತದೆ, ನಾನೂ ಉಳಿದುಕೊಳ್ಳುತ್ತೇನೆ. ಅವರೇ ಬೇಡ ಎಂದಿದ್ದಾರಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಬುದ್ಧಿ ಎಲ್ಲರಿಗೂ ಇರುವಂಥದೇ, ನನಗೇನು ಕಡಿಮೆಯಿಲ್ಲ.

ಮೇ ಹದಿನಾಲ್ಕರಂದು ಎಲ್ಲರೂ ಕೇಜಿನ ಹತ್ತಿರ ಸೇರಿದರು. ಬಂಡೆಯ ಕೆಳಗೆ ಇಪ್ಪತ್ಮೂರು ದೀಪ. ಮೇಷ್ಟ್ರು ಮೊದಲೇ ವಿಷಯ ಮುಟ್ಟಿಸಿದ್ದರಿಂದ ಅಶ್ವತ್ಥಪ್ಪ ನನಗೆ ಮಾತಾಡಲು ಹೇಳಿದರು. ಯಂತ್ರದ ಕಾಗದಗಳನ್ನು ಬರೆದುಕೊಂಡು ಹೋಗಿದ್ದೆ. ತಾರೀಖು ಹೇಳಿ ಹೇಳಿ ಓದಿದೆ. ಹತ್ತು ಓದುವಷ್ಟರಲ್ಲಿ ಜನ ತಲೆ ತಗ್ಗಿಸಿದ್ದರು. ಇಪ್ಪತ್ತನೆಯದಕ್ಕೆ ಅಶ್ವತ್ಥಪ್ಪ ಕೈ ಎತ್ತಿದರು.

“ಸಾಕು ಬಿಡಮ್ಮ. ಧೂಳು ಕೂತಿರ್ತದೆ, ಗಣಿ ಅಂದ್ಮೇಲೆ ಧೂಳು ಇಲ್ದೆ ಇರ್ತದಾ? ಯಾರ್ ತಪ್ಪೂ ಅಲ್ಲ. ಚಲಪತಿಗೆ ನಾವು ಅನ್ಯಾಯ ಮಾಡ್ಬಿಟ್ವಿ. ಹೆಸರು ಕೆತ್ಸನ.”

ಧೂಳು ಎಂದು ಅವರೇ ಹೇಳಿದರು. ನಾನು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಯಾರೋ ಹೆಂಗಸು ನನ್ನ ಭುಜ ಸವರಿದಳು, ವರ್ಷದ ಮೇಲೆ ಮೊದಲ ಸಲ. ಅಷ್ಟರಲ್ಲಿ ಅಮರಾವತಿ ಎದ್ದು ಬಂದು ನನ್ನ ಎದುರು ನಿಂತಳು. ಅವಳ ಕಣ್ಣಲ್ಲಿ ನೀರು.

“ತಪ್ಪಾಯ್ತಕ್ಕಾ,” ಎಂದಳು. “ಸುಮ್‌ಸುಮ್ನೆ ಭಾವನ್ನ ಬೈಕೊಂಡೆ.”

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಅಕ್ಕಾ ಎನ್ನುವ ಮಾತನ್ನು ತಡೆಯಲು ಆಗಲಿಲ್ಲ.

“ಧೂಳಲ್ಲ ಅಮರಾ. ನಾನು. ಆಯುಧಪೂಜೇಲಿ ಮೆತ್ತಿದ್ನಲ್ಲ, ಅರಿಶಿನದ ಮುಖ. ಅದೇ ಮುಚ್ಚಿದ್ದು. ಅವ್ರು ಅದನ್ನ ಒರೆಸಿ, ಗೊತ್ತಿದ್ದೂ ಬಾಯಿ ಮುಚ್ಕೊಂಡು ಹೋದ್ರು.”

ನನ್ನ ಭುಜದ ಮೇಲಿನ ಕೈ ಜಾರಿಹೋಯಿತು. ಅಮರಾವತಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

“ಮುಖ ಎಲ್ಲೋಯ್ತು ಅಂತ ಅವತ್ತು ನಾನು ಕೇಳ್ದೆ,” ಎಂದಳು. “ಯಾರೂ ಹೇಳ್ಲಿಲ್ಲ. ನಮ್ಮನ್ನ ಬಿಟ್ಟು ಅಮ್ಮ ಹೊಂಟೋದ್ಲು ಅನ್ಕೊಂಡೆ. ಒಂದ್ ವರ್ಷದಿಂದ ಅವಳ್ನ ಬೈತಾ ಇದೀನಿ.”

ಆಮೇಲೆ ಅಶ್ವತ್ಥಪ್ಪನ ಕಡೆ ತಿರುಗಿದಳು. “ಭಾವನ ಹೆಸರು ಕೆತ್ಸಿ, ನನ್ ಮಗಳ ಪಕ್ಕದಲ್ಲೇ ಕೆತ್ಸಿ. ಇವ್ಳು ಮಾತ್ರ ನನ್ ಎದುರಿಗೆ ಬರೋದು ಬ್ಯಾಡ. ಇವ್ಳು ಸತ್ರೂ ನಾನು ದೀಪ ಇಡಲ್ಲ.”

ಆವತ್ತು ಆ ಮುಖಕ್ಕೆ ಆರತಿ ತೆಗೆದುಕೊಂಡ ಗ್ಯಾಲರಿಯವರೆಲ್ಲರೂ ಅಲ್ಲೇ ನಿಂತಿದ್ದರು.

ಆ ವಾರವೇ ಹೆಸರು ಕೆತ್ತಿದರು. ಇಪ್ಪತ್ನಾಲ್ಕನೆಯ ದೀಪವನ್ನು ಅಮರಾವತಿಯೇ ಇಡುತ್ತಾಳೆ. ನಾನು ದೂರದಿಂದ ನೋಡುತ್ತೇನೆ. ಫ್ಯಾನ್ ರೂಮಿನ ಕೆಲಸ ನನ್ನ ಹತ್ತಿರವೇ ಇದೆ, ಅದನ್ನು ಕಿತ್ತುಕೊಳ್ಳಲು ಇನ್ನೊಬ್ಬರು ಬೇಕಲ್ಲ. ದಿನಾ ಕಾಗದ ಓದುತ್ತೇನೆ, ಓದಿದ ಮೇಲೆ ಮೇಷ್ಟ್ರನ್ನು ಕರೆದುಕೊಂಡು ಮೂರು ಕಣ್ಣುಗಳನ್ನು ಸುತ್ತಿ ಬರುತ್ತೇನೆ. ಪೂರ್ವದ ಕಣ್ಣನ್ನು ಮೇಷ್ಟ್ರು ಒಬ್ಬರೇ ಗೋಡೆ ಹಿಡಿದುಕೊಂಡು ಹೋಗಿ, ಬೆರಳಲ್ಲಿ ಸವರಿ ನೋಡಿ ಬಂದು ಹೇಳುತ್ತಾರೆ. ಅಲ್ಲಿಗೆ ನನಗೆ ಈಗಲೂ ಪ್ರವೇಶವಿಲ್ಲ.

ಹೆಸರು ಕೆತ್ತಿದ ದಿನ ಪ್ರೋಗ್ರಾಮು ತೆರೆದು ಅವರ ಹದಿನಾಲ್ಕನೆಯ ಕಾಗದಕ್ಕೆ ಉತ್ತರ ಬರೆಯಲು ಕೂತೆ. ಏನೇನೋ ಬರೆಯಬೇಕೆಂದಿದ್ದೆ. ಯಾಕೆ ನನಗೆ ಒಂದು ಮಾತು ಹೇಳಲಿಲ್ಲ, ಇಬ್ಬರೂ ಸೇರಿ ಹೊರಬಹುದಿತ್ತಲ್ಲ ಎಂದು ಜಗಳ ತೆಗೆಯಬೇಕೆಂದಿದ್ದೆ. ಕೊನೆಗೆ ಒಂದೇ ಮಾತು ಒತ್ತಿದೆ.

‘ಬಂತು.’

ಕಳಿಸು ಎಂದೆ. ಪರದೆ ಒಮ್ಮೆ ಮಿನುಗಿತು. ಅಂಚೆ ಗೂಡಿನಲ್ಲಿ ಒಂದು ಹೊಸ ಕಾಗದ ಬಂದಿದೆ ಎಂದು ಯಂತ್ರ ಹೇಳಿತು. ದಿನಾ ನಾನು ಉಳಿದ ಕಾಗದಗಳನ್ನೆಲ್ಲ ತೆರೆಯುತ್ತೇನೆ, ಅದೊಂದನ್ನು ಬಿಟ್ಟು. ಅದರ ಮುಂದೆ ‘ಹೊಸತು’ ಎಂಬ ಗುರುತು ಹಾಗೆಯೇ ಇದೆ. ಅದು ನನ್ನ ಹೆಸರಿಗೆ ಬಂದದ್ದಲ್ಲ.